ನಾಲ್ಕು ಗ್ರಾಂ ಪೊರೆ, ಇಪ್ಪತ್ತೈದು ಕಿಲೋ ಎಳೆತ: ಮನೆಯಲ್ಲಿ ಕಟ್ಟಿದ ಪ್ಲೇನಾರ್ ಮ್ಯಾಗ್ನೆಟಿಕ್ ಸ್ಪೀಕರ್‌ಗಳ ವಿಮರ್ಶೆ

ನಾನೇ ಕಟ್ಟಿದ ಸ್ಪೀಕರ್‌ಗಳನ್ನು ನಾನೇ ವಿಮರ್ಶಿಸಲು ಹೊರಟರೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಯಾರಾದರೂ ನೆನಪಿಸುವುದು ಸಹಜ. ಆದರೂ ಹದಿನಾಲ್ಕು ತಿಂಗಳು ದಿನವೂ ಎರಡು ಮೂರು ಗಂಟೆ ಕೇಳಿದ ಮೇಲೆ, ನಡುವೆ ಒಮ್ಮೆ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ ಮೇಲೆ, ಈ ಜೋಡಿಯ ಗುಣವೂ ಅವಗುಣವೂ ನನಗೆ ಚೆನ್ನಾಗಿಯೇ ಪರಿಚಯವಾಗಿವೆ. ದುಡ್ಡು ಕೊಟ್ಟು ತಂದ ವಸ್ತುವಿಗೆ ಕೇಳುವ ಪ್ರಶ್ನೆಗಳನ್ನು ಇದಕ್ಕೂ ಕೇಳಬಹುದು: ಹೇಗೆ ನುಡಿಯುತ್ತದೆ, ಎಷ್ಟು ಖರ್ಚಾಯಿತು, ಏನು ಕೆಟ್ಟಿತು, ಇನ್ನೊಬ್ಬರಿಗೆ ಹೇಳಬಹುದೇ. ಜೊತೆಗೆ ಇದಕ್ಕೆ ಬಳಸಿದ ಸಾಮಗ್ರಿಗಳಲ್ಲಿ ಯಾವುದಕ್ಕೆ ಹಣ ಸುರಿಯಬೇಕು, ಯಾವುದಕ್ಕೆ ಸುರಿಯಬಾರದು ಎಂಬುದನ್ನೂ ಹೇಳುವುದಿದೆ, ಏಕೆಂದರೆ ಆ ವಿಷಯದಲ್ಲಿ ನಾನು ಮೊದಲ ಸಲ ತಲೆಕೆಳಗಾಗಿ ನಡೆದುಕೊಂಡೆ.

ಈ ಬಗೆಯ ಸ್ಪೀಕರನ್ನು ನೋಡದವರಿಗಾಗಿ ಎರಡು ಮಾತು. ಸಾಮಾನ್ಯ ಸ್ಪೀಕರಿನಲ್ಲಿ ಕಾಗದದ ಕೋನಿನ ಬುಡಕ್ಕೆ ತಂತಿಯ ಸುರುಳಿ ಅಂಟಿಕೊಂಡಿರುತ್ತದೆ. ವಿದ್ಯುತ್ತು ಸುರುಳಿಯನ್ನು ನೂಕುತ್ತದೆ, ಸುರುಳಿ ಕೋನನ್ನು ನೂಕುತ್ತದೆ, ಕೋನು ಗಾಳಿಯನ್ನು ನೂಕುತ್ತದೆ. ಪ್ಲೇನಾರ್ ಮ್ಯಾಗ್ನೆಟಿಕ್‌ನಲ್ಲಿ ಆ ಸುರುಳಿಯನ್ನು ಬಿಡಿಸಿ, ಚಪ್ಪಟೆ ಮಾಡಿ, ತೆಳುವಾದ ಪಾಲಿಯೆಸ್ಟರ್ ಪೊರೆಯ ಉದ್ದಗಲಕ್ಕೂ ಹರಡಿದಂತಿರುತ್ತದೆ. ಪೊರೆಯ ಹಿಂದೆ ಸಾಲುಸಾಲಾಗಿ ಆಯಸ್ಕಾಂತಗಳಿರುತ್ತವೆ. ಪೊರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಒಟ್ಟಿಗೇ ಚಲಿಸುತ್ತದೆ, ಪೆಟ್ಟಿಗೆ ಇಲ್ಲದ್ದರಿಂದ ಮುಂದಕ್ಕೂ ಹಿಂದಕ್ಕೂ ಸಮನಾಗಿ ನುಡಿಯುತ್ತದೆ. ಇಂಗ್ಲೆಂಡಿನ ಕ್ವಾಡ್ ಕಂಪನಿ 1957ರಲ್ಲಿ ಮಾರುಕಟ್ಟೆಗೆ ತಂದ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರಿನಲ್ಲೂ ಇಂಥದೇ ಪೊರೆ ಇತ್ತು, ಆದರೆ ಅದಕ್ಕೆ ಸಾವಿರಾರು ವೋಲ್ಟಿನ ಸರಬರಾಜು ಬೇಕು. ಅಮೆರಿಕದ 3ಎಂ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಜಿಮ್ ವೈನಿ ಅದೇ ನುಡಿತವನ್ನು ಆಯಸ್ಕಾಂತದಿಂದ ಪಡೆಯಬಹುದೆಂದು ಕಂಡುಕೊಂಡು, 1969ರಲ್ಲಿ ಮಿನೆಸೋಟಾ ರಾಜ್ಯದ ವೈಟ್ ಬೇರ್ ಲೇಕ್ ಎಂಬ ಊರಿನಲ್ಲಿ ಮ್ಯಾಗ್ನೆಪ್ಯಾನ್ ಕಂಪನಿಯನ್ನು ಆರಂಭಿಸಿದರು. ಆ ಕಂಪನಿ ಇಂದಿಗೂ ಅದೇ ಊರಿನಲ್ಲಿ ಇದೇ ಬಗೆಯ ಸ್ಪೀಕರ್‌ಗಳನ್ನು ಮಾಡುತ್ತಿದೆ. ಮನೆಯಲ್ಲಿ ಕಟ್ಟುವವರಿಗೆ ಈ ವಿನ್ಯಾಸ ಒಗ್ಗುವುದು ಇದೇ ಕಾರಣಕ್ಕೆ: ಜೀವಕ್ಕೆ ಅಪಾಯವಾಗುವ ವೋಲ್ಟೇಜ್ ಎಲ್ಲೂ ಇಲ್ಲ, ಮನೆಯ ಆಂಪ್ಲಿಫೈಯರಿನ ತಂತಿ ನೇರವಾಗಿ ಜೋಡಿಸಿದರೆ ಸಾಕು.

ನನ್ನ ಒಂದೊಂದು ಪ್ಯಾನೆಲ್ ಒಂದು ಮೀಟರ್ ಎತ್ತರ, ಮೂವತ್ತು ಸೆಂಟಿಮೀಟರ್ ಅಗಲ ಇದೆ. ಅದರಲ್ಲಿ ನುಡಿಯುವ ಪೊರೆ 90 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ. ರಂಧ್ರಗಳಿರುವ 2 ಮಿ.ಮೀ. ದಪ್ಪದ ಉಕ್ಕಿನ ತಗಡಿನ ಮೇಲೆ 50×10×5 ಮಿ.ಮೀ. ಅಳತೆಯ ನಿಯೋಡಿಮಿಯಂ ಆಯಸ್ಕಾಂತಗಳನ್ನು ಒಂಬತ್ತು ಸಾಲಾಗಿ ಕೂರಿಸಿದ್ದೇನೆ. ಒಂದು ಸಾಲಿನ ಉತ್ತರ ಧ್ರುವ ಪೊರೆಯ ಕಡೆಗಿದ್ದರೆ ಪಕ್ಕದ ಸಾಲಿನ ದಕ್ಷಿಣ ಧ್ರುವ ಪೊರೆಯ ಕಡೆಗೆ. ಸಾಲಿಗೆ ಹದಿನೆಂಟರಂತೆ ಒಂದು ಪ್ಯಾನೆಲ್‌ಗೆ 162, ಜೋಡಿಗೆ 324. ಒಂಬತ್ತು ಸಾಲುಗಳ ನಡುವೆ ಎಂಟು ಓಣಿಗಳು. ಪ್ರತಿ ಓಣಿಯ ನೆತ್ತಿಯ ಮೇಲೆ ಪೊರೆಗೆ ಅಂಟಿಸಿದ ಅಲ್ಯೂಮಿನಿಯಂ ಹಾಳೆಯ ಒಂದು ಪಟ್ಟಿ ಹಾಯುತ್ತದೆ. ಕಾಂತಕ್ಷೇತ್ರದ ದಿಕ್ಕು ಓಣಿಯಿಂದ ಓಣಿಗೆ ತಿರುಗುವುದರಿಂದ ಪಟ್ಟಿಯೂ ಒಂದರಲ್ಲಿ ಮೇಲಕ್ಕೆ, ಮುಂದಿನದರಲ್ಲಿ ಕೆಳಕ್ಕೆ ಹಾವಿನಂತೆ ಹರಿದರೆ ಎಲ್ಲ ಕಡೆಯೂ ನೂಕು ಒಂದೇ ದಿಕ್ಕಿಗೆ ಬೀಳುತ್ತದೆ. ಓಣಿಗಳ ಸಂಖ್ಯೆ ಸಮವಾಗಿರಲಿ ಎಂದು ನೋಡಿಕೊಂಡದ್ದು, ತಂತಿಯ ಎರಡೂ ತುದಿಗಳು ಕೆಳಗಡೆಯೇ ಸಿಗಲಿ ಎಂಬ ಸೋಮಾರಿತನದಿಂದ.

ಇನ್ನು ಸಾಮಗ್ರಿಗಳು. ಮೊದಲು ಅಡುಗೆಮನೆಯ ವಸ್ತುವನ್ನೇ ಹೊಗಳಬೇಕು. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಇಡೀ ಕೆಲಸದಲ್ಲಿ ನನಗೆ ಒಮ್ಮೆಯೂ ಮೋಸ ಮಾಡದ ಸಾಮಗ್ರಿ. ಸುರುಳಿಯ ಮೇಲೆ 11 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಎಂದು ಬರೆದಿತ್ತು. 5 ಮಿ.ಮೀ. ಅಗಲದ ಪಟ್ಟಿಯಾಗಿ ಕತ್ತರಿಸಿದರೆ ಮೀಟರಿಗೆ ಅರ್ಧ ಓಮಿನಷ್ಟು ರೋಧ ಬರುತ್ತದೆ. ತಿರುವುಗಳೂ ಸೇರಿ ಏಳೂವರೆ ಮೀಟರ್ ಉದ್ದಕ್ಕೆ ಲೆಕ್ಕದಲ್ಲಿ 3.8 ಓಮ್ ಆಗಬೇಕಿತ್ತು, ಮಲ್ಟಿಮೀಟರಿನಲ್ಲಿ ಒಂದು ಪ್ಯಾನೆಲ್ 4.1, ಇನ್ನೊಂದು 4.2 ತೋರಿಸಿತು. ಕತ್ತರಿಸುವಾಗ ಅಂಚು ಕೂದಲೆಳೆಯಷ್ಟು ಒಳಗೆ ಸರಿದದ್ದೇ ಆ ವ್ಯತ್ಯಾಸ. ಆಂಪ್ಲಿಫೈಯರ್ 4 ಓಮಿಗೆ ಒಗ್ಗುವಂಥದ್ದಾಗಿದ್ದರೆ ಇದರ ಬಗ್ಗೆ ಯೋಚನೆಯೇ ಬೇಡ, ಏಕೆಂದರೆ ಈ ಪಟ್ಟಿ ಕಬ್ಬಿಣದ ಸುತ್ತ ಸುತ್ತಿದ ಸುರುಳಿಯಲ್ಲವಾದ್ದರಿಂದ ಕೇಳಿಸುವ ವ್ಯಾಪ್ತಿಯುದ್ದಕ್ಕೂ ಅದರ ರೋಧ ಹೆಚ್ಚುಕಮ್ಮಿ ಒಂದೇ ಆಗಿರುತ್ತದೆ. ಒಂದೇ ತೊಡಕು, ಅಲ್ಯೂಮಿನಿಯಂಗೆ ಮಾಮೂಲು ಬೆಸುಗೆ ಹಿಡಿಯುವುದಿಲ್ಲ. ಪಟ್ಟಿಯ ತುದಿಯನ್ನು ನಾಲ್ಕು ಮಡಿಕೆ ಮಾಡಿ ಎರಡು ಹಿತ್ತಾಳೆ ವಾಷರ್‌ಗಳ ನಡುವೆ ಬೋಲ್ಟ್ ಹಾಕಿ ಬಿಗಿದೆ.

ಪೊರೆಗಾಗಿ ನಾನು ಅಲೆದದ್ದು ಹೆಚ್ಚು. ಮೋಟಾರ್ ವೈಂಡಿಂಗ್ ಅಂಗಡಿಗಳಲ್ಲಿ ಸಿಗುವ ಪಾಲಿಯೆಸ್ಟರ್ ಹಾಳೆ ಬಹಳ ದಪ್ಪ, ಸ್ಟೇಷನರಿ ಅಂಗಡಿಯ ಪಾರದರ್ಶಕ ಹಾಳೆ ಅದಕ್ಕಿಂತಲೂ ದಪ್ಪ. ಕೊನೆಗೆ ತಿಂಡಿ ಪೊಟ್ಟಣಗಳನ್ನು ಮುದ್ರಿಸುವವರೊಬ್ಬರ ಬಳಿ ಹೋದಾಗ, ನಾನು ಊರೆಲ್ಲ ಹುಡುಕಿದ 12 ಮೈಕ್ರಾನ್ ಹಾಳೆ ಅವರಿಗೆ ದಿನನಿತ್ಯದ ಸರಕು ಎಂದು ತಿಳಿಯಿತು. ಸುರುಳಿಯ ಕೊನೆಯಲ್ಲಿ ಉಳಿದ ಮೂವತ್ತು ಮೀಟರಿನಷ್ಟನ್ನು ಮುನ್ನೂರು ರೂಪಾಯಿಗೆ ಕೊಟ್ಟರು. ಇದರಿಂದ ಹತ್ತು ಜೋಡಿ ಸ್ಪೀಕರ್ ಮಾಡಬಹುದು. ಮೊದಲ ಆರು ಪೊರೆಗಳನ್ನು ನಾನು ಹಾಳು ಮಾಡಿದ್ದೇನೆ, ಆದ್ದರಿಂದ ಸುರುಳಿ ದೊಡ್ಡದಿದ್ದದ್ದೇ ಒಳ್ಳೆಯದಾಯಿತು.

ರಂಧ್ರದ ತಗಡು ಬೆಂಗಳೂರಿನ ಪೀಣ್ಯದ ಒಂದು ಶೀಟ್ ಮೆಟಲ್ ಅಂಗಡಿಯಿಂದ ಬಂತು. 5 ಮಿ.ಮೀ. ರಂಧ್ರ, ರಂಧ್ರದಿಂದ ರಂಧ್ರಕ್ಕೆ 8 ಮಿ.ಮೀ. ಅಂತರ. ಲೆಕ್ಕಕ್ಕೆ ತಗಡಿನ ಶೇಕಡಾ 35ರಷ್ಟು ತೆರೆದಿದೆ, ಆದರೆ ಅರ್ಧ ಜಾಗವನ್ನು ಆಯಸ್ಕಾಂತಗಳೇ ಮುಚ್ಚುವುದರಿಂದ ಗಾಳಿಗೆ ಸಿಗುವುದು ಅದರಲ್ಲೂ ಅರ್ಧ. ಇನ್ನೊಮ್ಮೆ ಮಾಡಿದರೆ ಓಣಿಗಳ ನೇರಕ್ಕೆ ಮಾತ್ರ ಉದ್ದುದ್ದ ಸೀಳುಗಳನ್ನು ಲೇಸರಿನಿಂದ ಕೊಯ್ಯಿಸುತ್ತೇನೆ. ಕನೆಕ್ಟರ್, ತಂತಿ, ಮೇಲಿನ ಮತ್ತು ಕೆಳಗಿನ ಸ್ವರಗಳನ್ನು ಬೇರ್ಪಡಿಸಿ ಹಂಚುವ ಕ್ರಾಸ್‌ಓವರಿನ ಬಿಡಿಭಾಗಗಳೆಲ್ಲ ಎಸ್‌ಪಿ ರಸ್ತೆಯಲ್ಲಿ ಒಂದೇ ಮಧ್ಯಾಹ್ನ ಸಿಕ್ಕವು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಆಯಸ್ಕಾಂತಗಳ ಬಗ್ಗೆ ದೂರು ಇದೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನಿಂದ 340 ತರಿಸಿದೆ, ಒಂದಕ್ಕೆ ಐವತ್ತು ರೂಪಾಯಿಯಂತೆ. ಹೊಳಪು, ಅಳತೆ ಎಲ್ಲ ಚೆನ್ನಾಗಿದ್ದವು. ಅಂಟಿಸಲು ಕುಳಿತು ಮೂರನೆಯ ಸಾಲಿಗೆ ಬಂದಾಗ ಒಂದು ತುಂಡು ಅತ್ತಲೂ ಕೂರಲಿಲ್ಲ, ಇತ್ತಲೂ ಕೂರಲಿಲ್ಲ. ಪಕ್ಕಕ್ಕೆ ಹೊರಳಿ ನೆರೆಯ ಸಾಲಿಗೆ ಚಟ್ಟನೆ ಬಡಿಯಿತು. ದಿಕ್ಸೂಚಿ ಹಿಡಿದು ನೋಡಿದರೆ ಅದರ ಧ್ರುವಗಳು 5 ಮಿ.ಮೀ. ದಪ್ಪದ ದಿಕ್ಕಿನಲ್ಲಿರದೆ 10 ಮಿ.ಮೀ. ಅಗಲದ ದಿಕ್ಕಿನಲ್ಲಿದ್ದವು. ಇಡೀ ರಾಶಿಯನ್ನು ಒಂದೊಂದಾಗಿ ಪರೀಕ್ಷಿಸಿದಾಗ ಹೀಗೆ ಅಡ್ಡಕ್ಕೆ ಕಾಂತೀಕರಿಸಿದ ತುಂಡುಗಳು ನಲವತ್ತೊಂದು ಸಿಕ್ಕವು. ಮಾರಿದವರು ಬದಲಿಸಿಕೊಡಲು ಐದು ವಾರ ತೆಗೆದುಕೊಂಡರು, ಸಾಗಣೆಯ ವೆಚ್ಚವನ್ನು ನನ್ನ ಮೇಲೆಯೇ ಹಾಕಿದರು. ಆದ್ದರಿಂದ ಪೆಟ್ಟಿಗೆ ಬಂದ ದಿನವೇ ಪ್ರತಿ ತುಂಡನ್ನೂ ದಿಕ್ಸೂಚಿಯ ಮುಂದೆ ಹಿಡಿದು, ಉತ್ತರ ಧ್ರುವಕ್ಕೆ ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಡುವುದು ಒಳ್ಳೆಯದು. ಬೆರಳುಗಳ ಬಗ್ಗೆಯೂ ಜೋಪಾನವಾಗಿರಬೇಕು: ಒಂದೇ ಸಾಲಿನ ತುಂಡುಗಳು ಒಂದನ್ನೊಂದು ದೂಡುತ್ತವೆ, ಪಕ್ಕದ ಸಾಲಿನವು ಸೆಳೆಯುತ್ತವೆ, ಎಪಾಕ್ಸಿ ಒಣಗುವ ತನಕ ಯಾವುದೂ ಇದ್ದಲ್ಲಿ ಇರುವುದಿಲ್ಲ. ನಾನು ಮರದ ಪಟ್ಟಿಗಳನ್ನು ಓಣಿಗಳಲ್ಲಿ ಬೆಣೆಯಂತೆ ಇಟ್ಟು, ದಿನಕ್ಕೆ ಒಂದು ಸಾಲಿನಂತೆ ಮುಗಿಸಿದೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಇರುವ ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕಲೇಬಾರದು.

ಹಾಳೆಯನ್ನು ಪೊರೆಗೆ ಅಂಟಿಸುವುದು ನೋಡಲು ಸುಲಭ. ಊಟದ ಮೇಜಿನ ಗಾಜಿನ ಮೇಲೆ ನೀರು ಚಿಮುಕಿಸಿ ಪೊರೆಯನ್ನು ಹಾಸಿದರೆ ಅದು ಗಾಜಿಗೆ ಕಚ್ಚಿಕೊಂಡು ಕನ್ನಡಿಯಂತೆ ಮಲಗುತ್ತದೆ. ಅದರ ಮೇಲೆ ಸ್ಪ್ರೇ ಅಂಟನ್ನು ಮಂಜಿನಂತೆ ಒಂದೇ ಸಲ ಹಾಯಿಸಿ, ಅಲ್ಯೂಮಿನಿಯಂ ಹಾಳೆಯನ್ನು ಒಂದು ತುದಿಯಿಂದ ಉರುಳಿಸುತ್ತ ಬರಬೇಕು. ಹಿಂದಿನಿಂದ ಇನ್ನೊಬ್ಬರು ಬಟ್ಟೆಯ ಉಂಡೆಯಿಂದ ಒತ್ತುತ್ತ ಬರಬೇಕು. ಒಂದು ಸುಕ್ಕು ಬಿದ್ದರೆ ಅಲ್ಲಿಗೆ ಮುಗಿಯಿತು, ಅದನ್ನು ಬಿಡಿಸಲು ಹೋದರೆ ಮೂರಾಗುತ್ತದೆ. ಆಮೇಲೆ ಕಾಗದದ ನಕ್ಷೆಯನ್ನು ಮೇಲಿಟ್ಟು, ಉಕ್ಕಿನ ಸ್ಕೇಲಿನ ಅಂಚಿಗೆ ಹೊಸ ಬ್ಲೇಡು ತಾಗಿಸಿ ಎಳೆದರೆ ಹಾಳೆ ಮಾತ್ರ ಕತ್ತರಿಸಿ ಪೊರೆ ಉಳಿಯಬೇಕು. ಎಷ್ಟು ಒತ್ತಬೇಕೆಂದು ಯಾರೂ ಹೇಳಿಕೊಡಲಾರರು. ನಾಲ್ಕು ಪೊರೆ ಸೀಳಿದ ಮೇಲೆ ಕೈಗೆ ತಾನಾಗಿ ಗೊತ್ತಾಗುತ್ತದೆ. ಬ್ಲೇಡಿನ ಕೆಳಗೆ ಹಾಳೆ ಬಿಟ್ಟುಕೊಡುವಾಗ ಬಾಳೆ ಎಲೆ ಸೀಳಿದಂಥ ಸಣ್ಣ ಸದ್ದು ಬರುತ್ತದೆ, ಪೊರೆಗೆ ತಾಗಿದರೆ ಆ ಸದ್ದು ನಿಲ್ಲುತ್ತದೆ. ನಾನು ಆ ಸದ್ದನ್ನು ಕೇಳಿಕೊಂಡೇ ಉಳಿದ ಪಟ್ಟಿಗಳನ್ನು ಕತ್ತರಿಸಿದೆ. ನಡುವಿನ ಬೇಡದ ಪಟ್ಟಿಗಳನ್ನು ಅಂಟು ಪೂರ್ತಿ ಒಣಗುವ ಮೊದಲೇ ಚಿಮಟದಿಂದ ಸುಲಿದು ತೆಗೆಯಬೇಕು.

ಹೀಗೆ ಸಿದ್ಧವಾದ ಪೊರೆಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟರೆ, ಪಟ್ಟಿ ಅಂಟು ಎಲ್ಲ ಸೇರಿ, ನಾಲ್ಕು ಗ್ರಾಂ. ಅದರ ವಿಸ್ತೀರ್ಣಕ್ಕೆ ಹಂಚಿದರೆ, ಮುಂದಿರುವ ಎರಡು ಎರಡೂವರೆ ಸೆಂಟಿಮೀಟರ್ ದಪ್ಪದ ಗಾಳಿಯ ಪದರ ಎಷ್ಟು ತೂಗುತ್ತದೋ ಅಷ್ಟೇ. ಎಂಟು ಇಂಚಿನ ಸಾಮಾನ್ಯ ವೂಫರಿನ (ಕೆಳಗಿನ ಸ್ವರಗಳ ಸ್ಪೀಕರಿನ) ಕೋನು ಸುರುಳಿಯ ಸಮೇತ ಇಪ್ಪತ್ತು ಗ್ರಾಂ ಆಸುಪಾಸು ಇರುತ್ತದೆ, ಅದರ ವಿಸ್ತೀರ್ಣವಾದರೋ ಇದರ ಏಳನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಈ ಸ್ಪೀಕರುಗಳ ನುಡಿತದ ಬಗ್ಗೆ ಮುಂದೆ ನಾನು ಹೊಗಳುವುದೆಲ್ಲ ಈ ನಾಲ್ಕು ಗ್ರಾಮಿನಿಂದಲೇ ಬಂದದ್ದು.

ತೆಗಳುವುದೂ ಅದರಿಂದಲೇ. ಪೊರೆಯನ್ನು ಚೌಕಟ್ಟಿಗೆ ಎಳೆದು ಕಟ್ಟಿದಾಗ ಅದರ ಸಹಜ ಕಂಪನಾಂಕ, ಅಂದರೆ ಮೀಟಿ ಬಿಟ್ಟಾಗ ಅದು ಸೆಕೆಂಡಿಗೆ ಎಷ್ಟು ಸಲ ತೊನೆಯುತ್ತದೋ ಅದು, 130 ಹರ್ಟ್ಜ್ ಆಸುಪಾಸಿಗೆ ಬರಬೇಕೆಂದು ನಾನು ಗೊತ್ತುಮಾಡಿಕೊಂಡಿದ್ದೆ. ಪೊರೆಯ ಜೊತೆ ಅದರ ಎರಡೂ ಬದಿಯ ಗಾಳಿಯೂ ತೊನೆಯುವುದರಿಂದ ಬೇಕಾಗುವ ಬಿಗಿ ನಾವು ಎಣಿಸಿದ್ದಕ್ಕಿಂತ ಬಹಳ ಹೆಚ್ಚು; ನನ್ನ ಅಂದಾಜಿನ ಲೆಕ್ಕದಲ್ಲಿ ಚೌಕಟ್ಟಿನ ಒಂದೊಂದು ಉದ್ದನೆಯ ಪಟ್ಟಿಯ ಮೇಲೂ ಒಟ್ಟು ಇಪ್ಪತ್ತೈದು ಕಿಲೋ ತೂಕ ನೇತುಹಾಕಿದಷ್ಟು ಎಳೆತ ಬೀಳುತ್ತದೆ. ಇಷ್ಟು ಎಳೆದರೂ ಪೊರೆ ಹಿಗ್ಗುವುದು ಶೇಕಡಾ ಅರ್ಧದಷ್ಟು, ಅಂದರೆ 180 ಮಿ.ಮೀ. ಅಗಲಕ್ಕೆ ಒಂದು ಮಿಲಿಮೀಟರಿಗಿಂತ ತುಸು ಕಡಿಮೆ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಬುದ್ಧಿ ನನಗೆ ಮೊದಲೇ ಬಂದಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು. ಚೌಕಟ್ಟಿನ ಎಡಬಲದ ಪಟ್ಟಿಗಳು ತಲಾ ಅರ್ಧ ಮಿಲಿಮೀಟರ್ ಒಳಕ್ಕೆ ಬಾಗಿದರೆ ಪೊರೆಯ ನಡುಭಾಗದ ಬಿಗಿ ಪೂರ್ತಿ ಹೋಗುತ್ತದೆ ಎಂಬುದೇ ಅವುಗಳ ಅರ್ಥ.

ನನ್ನ ಮೊದಲ ಚೌಕಟ್ಟು 12 ಮಿ.ಮೀ. ಪ್ಲೈವುಡ್ಡಿನದು, ಪಟ್ಟಿಯ ಅಗಲ 30 ಮಿ.ಮೀ. ಆಯಸ್ಕಾಂತಕ್ಕೆ ಹದಿನೇಳು ಸಾವಿರ ಕೊಟ್ಟವನು ಮರಕ್ಕೆ ಕೊಟ್ಟದ್ದು ಒಂಬೈನೂರು ರೂಪಾಯಿ. ಕಟ್ಟಿದ ಸಂಜೆ ಬೆರಳಿನಿಂದ ಮೀಟಿದರೆ ಪೊರೆ ಡೋಲಿನಂತೆ ಢಮ್ ಎಂದಿತು, ಮನೆಯವರೆಲ್ಲ ಮೆಚ್ಚಿದರು. ಮೂರನೆಯ ವಾರ ಮೇಲ್ತುದಿ ಕೆಳತುದಿಗಳಲ್ಲಿ ಅದೇ ಢಮ್, ನಡುವೆ ಮಾತ್ರ ಹಳೆಯ ಕೊಡೆಯ ಬಟ್ಟೆ ತಟ್ಟಿದಂಥ ಸದ್ದು. ಉಕ್ಕಿನ ಸ್ಕೇಲನ್ನು ಒಳ ಅಂಚಿಗೆ ಹಿಡಿದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದಾಗ ಪಟ್ಟಿ ಬಿಲ್ಲಿನಂತೆ ಒಳಗೆ ಬಾಗಿದ್ದು ಕಣ್ಣಿಗೇ ಕಂಡಿತು. ಹೀಟ್ ಗನ್ನಿನಿಂದ ಪೊರೆಯನ್ನು ಕಾಯಿಸಿ ಕುಗ್ಗಿಸಿ ಬಿಗಿ ತರಿಸಿದೆ. ಬಿಗಿಯಾದ ಪೊರೆ ಪಟ್ಟಿಯನ್ನು ಇನ್ನಷ್ಟು ಬಗ್ಗಿಸಿತು. ಆ ವರ್ಷದ ಮಳೆಗಾಲದ ತೇವಕ್ಕೆ ಪ್ಲೈವುಡ್ಡೂ ತನ್ನ ಪಾಲಿನದನ್ನು ಸೇರಿಸಿತು.

ಎರಡನೆಯ ಸಲ ಬಡಗಿಯ ಬಳಿ ಹೋಗಿ ಒಣಗಿದ ತೇಗದಲ್ಲಿ 45 ಮಿ.ಮೀ. ಅಗಲ, 25 ಮಿ.ಮೀ. ದಪ್ಪದ ಪಟ್ಟಿಗಳನ್ನು ಕೊಯ್ಯಿಸಿದೆ. ಅಗಲ ಒಂದೂವರೆ ಪಟ್ಟು ಹೆಚ್ಚಿದರೆ ಬಾಗದಿರುವ ಶಕ್ತಿ ಮೂರು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಆ ಪಟ್ಟಿಗಳನ್ನು ಉಕ್ಕಿನ ತಗಡಿಗೆ ಪ್ರತಿ ಹತ್ತು ಸೆಂಟಿಮೀಟರಿಗೊಂದು ಬೋಲ್ಟಿನಿಂದ ಬಿಗಿದದ್ದು. ತಗಡನ್ನು ಅದರ ಸಮತಲದಲ್ಲಿಯೇ ಹಿಸುಕಲು ಇಪ್ಪತ್ತೈದು ಕಿಲೋ ಯಾವ ಲೆಕ್ಕಕ್ಕೂ ಸಾಲದು. ಮೊದಲ ಸಲ ಮೂಲೆಗಳಲ್ಲಿ ಮಾತ್ರ ಬೋಲ್ಟ್ ಹಾಕಿ ಆ ಬಲವನ್ನೆಲ್ಲ ವ್ಯರ್ಥ ಮಾಡಿದ್ದೆ. ಪೊರೆಯೂ ಆಯಸ್ಕಾಂತಗಳೂ ತಗಡಿನ ಒಂದೇ ಬದಿಗಿರುವುದರಿಂದ ತಗಡು ಹಪ್ಪಳದಂತೆ ಮುಂದಕ್ಕೆ ಸುರುಳಲು ನೋಡುತ್ತದೆ, ಅದಕ್ಕಾಗಿ ಹಿಂದೆ ಎರಡು ಅಲ್ಯೂಮಿನಿಯಂ ಚೌಕ ಕೊಳವೆಗಳನ್ನು ಉದ್ದಕ್ಕೂ ಕೊಟ್ಟೆ. ಈ ಚೌಕಟ್ಟಿಗೆ ಜೋಡಿಗೆ ಆರೂವರೆ ಸಾವಿರ ರೂಪಾಯಿ ಆಯಿತು. ಕಟ್ಟಿದ ದಿನ 134 ಹರ್ಟ್ಜ್ ಇದ್ದ ಕಂಪನಾಂಕ ಮೊದಲ ತಿಂಗಳು 121ಕ್ಕೆ ಇಳಿದು, ಆಮೇಲೆ ವರ್ಷವಾದರೂ ಅಲ್ಲಿಯೇ ನಿಂತಿದೆ. ಹಾಗಾಗಿ ಸಾಮಗ್ರಿಗಳ ಬಗ್ಗೆ ನನ್ನ ತೀರ್ಪು ಇಷ್ಟು: ಆಯಸ್ಕಾಂತದ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿದರೆ ಹೆಚ್ಚೆಂದರೆ ಒಂದೆರಡು ಡೆಸಿಬೆಲ್ ಹೋಗುತ್ತದೆ, ಆಂಪ್ಲಿಫೈಯರಿನ ಗುಬ್ಬಿ ತಿರುಗಿಸಿದರೆ ಅದು ಮರಳಿ ಸಿಗುತ್ತದೆ. ಚೌಕಟ್ಟಿನಲ್ಲಿ ಕಳೆದುಕೊಂಡದ್ದನ್ನು ಯಾವ ಗುಬ್ಬಿ ತಿರುಗಿಸಿದರೂ ಪಡೆಯಲಾಗದು.

ನನ್ನ ಪೆದ್ದುತನದ ಇನ್ನೊಂದು ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಬೋಲ್ಟಿನ ರಂಧ್ರಗಳಲ್ಲಿ ಕೆಲವನ್ನು ಆಯಸ್ಕಾಂತ ಅಂಟಿಸಿದ ಮೇಲೆ ಕೊರೆದೆ. ಉದುರಿದ ಉಕ್ಕಿನ ಪುಡಿಯೆಲ್ಲ ಹಾರಿಹೋಗಿ ಆಯಸ್ಕಾಂತಗಳ ಅಂಚಿನಲ್ಲಿ ಮುಳ್ಳುಹಂದಿಯ ಮುಳ್ಳಿನಂತೆ ನೆಟ್ಟಗೆ ನಿಂತಿತು. ಊದಿದರೆ ಹೋಗದು, ಬ್ರಷ್ಷಿಗೆ ಜಗ್ಗದು. ಅಂಟುಟೇಪಿನಿಂದ ಒತ್ತಿ ಒತ್ತಿ ತೆಗೆದು, ಸ್ವಚ್ಛವಾಯಿತೆಂದು ಪೊರೆ ಮುಚ್ಚಿದೆ. ಮೊದಲ ಪರೀಕ್ಷೆಗೆ ತಂಬೂರಿಯ ಧ್ವನಿಮುದ್ರಣವನ್ನು ಹಾಕಿದೆ, ಏಕೆಂದರೆ ಸ್ಪೀಕರಿನ ಸೂಕ್ಷ್ಮವನ್ನು ಅಳೆಯಲು ಅದಕ್ಕಿಂತ ಕಠಿಣವಾದ ವಾದ್ಯ ನನಗೆ ಗೊತ್ತಿಲ್ಲ. ಕುದುರೆಯ ಮೇಲೆ ತಂತಿಯ ಕೆಳಗೆ ಎಳೆಯುವ ನೂಲಿನಿಂದ ಹುಟ್ಟುವ ಜೀವಾಳಿಯ ಝೇಂಕಾರ ಎಡಗಡೆಯ ಪ್ಯಾನೆಲ್‌ನಿಂದ ಬಲು ಸಮೃದ್ಧವಾಗಿ ಬಂತು. ಬಲಗಡೆಗಿಂತಲೂ ಸಮೃದ್ಧವಾಗಿ! ಎರಡು ದಿನ ಅದನ್ನೇ ಮೆಚ್ಚಿಕೊಂಡು ಕೇಳಿದೆ. ಮೂರನೆಯ ದಿನ ಸಿಗ್ನಲ್ ಜನರೇಟರಿನಿಂದ ಒಂದೇ ಶುದ್ಧ ಸ್ವರವನ್ನು ನಿಧಾನವಾಗಿ ಏರಿಸುತ್ತ ಹೋದಾಗ 310 ಹರ್ಟ್ಜ್ ಹತ್ತಿರ ಅದೇ ಝೇಂಕಾರ ಕೇಳಿಸಿತು, ಆದರೆ ಅಲ್ಲಿ ತಂಬೂರಿಯೂ ಇರಲಿಲ್ಲ, ನೂಲೂ ಇರಲಿಲ್ಲ. ಪೊರೆ ಬಿಚ್ಚಿ ನೋಡಿದರೆ ಆರನೆಯ ಸಾಲಿನ ಅಂಚಿನಲ್ಲಿ ಉಳಿದಿದ್ದ ನಾಲ್ಕಾರು ಉಕ್ಕಿನ ಎಳೆಗಳು ಪೊರೆಗೆ ತಾಗುತ್ತಿದ್ದವು. ಕೊರೆಯುವ, ಉಜ್ಜುವ ಕೆಲಸವೆಲ್ಲ ಮುಗಿದು, ತಗಡನ್ನು ತೊಳೆದು ಒರೆಸಿದ ಮೇಲಷ್ಟೇ ಆಯಸ್ಕಾಂತದ ಪೆಟ್ಟಿಗೆಯನ್ನು ಆ ಕೋಣೆಗೆ ತರಬೇಕು.

ಈಗ ನುಡಿತದ ವಿಚಾರ. ಈ ಪ್ಯಾನೆಲ್‌ಗಳಿಗೆ ನಾನು ಕೊಡುವುದು 280 ಹರ್ಟ್ಜ್‌ನಿಂದ ಮೇಲಿನ ಸ್ವರಗಳನ್ನು ಮಾತ್ರ. ಅದರ ಕೆಳಗಿನದನ್ನು ಮುಚ್ಚಿದ ಪೆಟ್ಟಿಗೆಯಲ್ಲಿರುವ ಎಂಟು ಇಂಚಿನ ವೂಫರ್‌ಗಳು ನೋಡಿಕೊಳ್ಳುತ್ತವೆ. ಮೂವತ್ತು ಸೆಂಟಿಮೀಟರ್ ಅಗಲದ ಬರಿಯ ಪ್ಯಾನೆಲ್‌ನಿಂದ ಕೆಳಸ್ಥಾಯಿ ನಿರೀಕ್ಷಿಸುವುದು ತಪ್ಪು, ಏಕೆಂದರೆ ದೀರ್ಘ ಅಲೆಗಳಲ್ಲಿ ಹಿಂದಿನ ಒತ್ತಡ ಅಂಚನ್ನು ಬಳಸಿ ಮುಂದೆ ಬಂದು ಮುಂದಿನದನ್ನು ಅಳಿಸಿಹಾಕುತ್ತದೆ. ಇನ್ನೂ ಅಗಲವಾದ ಪ್ಯಾನೆಲ್ ಮಾಡಿ ಈ ನಷ್ಟವನ್ನು ತಡೆಯಬಹುದು, ಆದರೆ ಬಾಗಿಲಿನಷ್ಟು ದೊಡ್ಡದಾದ ಎರಡು ಹಲಗೆಗಳಿಗೆ ನಮ್ಮ ಮನೆಯಲ್ಲಿ ಅನುಮತಿ ಸಿಗಲಿಲ್ಲ.

ಆ 280ರ ಮೇಲೆ ಇದು ನುಡಿಯುವ ರೀತಿಗೆ ಹೋಲಿಕೆ ಕೊಡಲು ನನ್ನ ಬಳಿ ಇಂಥದೇ ಬೇರೆ ಸ್ಪೀಕರ್ ಇಲ್ಲ. ದೊರೆಸ್ವಾಮಿ ಅಯ್ಯಂಗಾರರ ವೀಣೆಯ ಹಳೆಯ ಧ್ವನಿಮುದ್ರಣದಲ್ಲಿ ಮೀಟಿದ ಕ್ಷಣ, ಆಮೇಲೆ ಎಡಗೈ ಬೆರಳು ತಂತಿಯನ್ನು ಮೆಟ್ಟಿಲ ಮೇಲೆ ಅಡ್ಡಕ್ಕೆ ಎಳೆಯುವ ಘರ್ಷಣೆ, ಗಮಕ ಮುಗಿದು ಸ್ವರ ಆರುವ ಕೊನೆಯ ಎಳೆ, ಇವು ಮೂರೂ ಬೇರೆಬೇರೆಯಾಗಿ ಕೇಳಿಸುತ್ತವೆ. ನನ್ನ ಹಳೆಯ ಪೆಟ್ಟಿಗೆ ಸ್ಪೀಕರಿನಲ್ಲಿ ಎರಡನೆಯದು ಮೊದಲನೆಯದರೊಳಗೆ ಮುಳುಗಿ ಹೋಗುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರ ಗಾಯನದಲ್ಲಿ ಹಿಂದೆ ತಂಬೂರಿ ಇದೆ ಎಂದು ಮೊದಲೂ ಗೊತ್ತಾಗುತ್ತಿತ್ತು. ಈಗ ಎರಡು ತಂಬೂರಿಗಳಿದ್ದರೆ ಎರಡು ಎಂದು ಎಣಿಸಬಹುದು. ಪೊರೆ ಒಂದು ಮೀಟರಿನ ಹತ್ತಿರ ಹತ್ತಿರ ಎತ್ತರ ಇರುವುದರಿಂದ ಗಾಯಕರು ಜಮಖಾನದ ಮೇಲೆ ಕೂತು ಹಾಡುವಷ್ಟೇ ಗಾತ್ರದಲ್ಲಿ ಮುಂದೆ ಇದ್ದಂತೆ ತೋರುತ್ತದೆ, ನಾನು ಎದ್ದು ನಿಂತರೂ ಆ ಚಿತ್ರ ಕದಡುವುದಿಲ್ಲ.

ಪಕ್ಕಕ್ಕೆ ಸರಿದರೆ ಮಾತ್ರ ಕದಡುತ್ತದೆ. ಹದಿನೇಳು ಹದಿನೆಂಟು ಸೆಂಟಿಮೀಟರ್ ಅಗಲದ ಪೊರೆ 2 ಕಿಲೋಹರ್ಟ್ಜ್ ದಾಟುತ್ತಿದ್ದಂತೆ ಟಾರ್ಚಿನಂತೆ ನೇರಕ್ಕೆ ಮಾತ್ರ ನುಡಿಯತೊಡಗುತ್ತದೆ. ಸೋಫಾದ ನಡುವೆ ಕೂತವರಿಗೆ ಸಭಾಂಗಣ, ತುದಿಯಲ್ಲಿ ಕೂತವರಿಗೆ ಕಂಬಳಿ ಹೊದಿಸಿದ ರೇಡಿಯೋ. ಕಂಪನಿಯವರು ಇದಕ್ಕಾಗಿಯೇ ಮೇಲಿನ ಸ್ವರಗಳಿಗೆ ಬೇರೆ ಕಿರಿದಾದ ಪಟ್ಟಿ ಇಡುತ್ತಾರೆ. ನಾನು ಇಡಲಿಲ್ಲ, ಅದು ಈ ವಿನ್ಯಾಸದ ದೊಡ್ಡ ಕೊರತೆ. ಆಯಸ್ಕಾಂತಗಳು ಪೊರೆಯ ಒಂದೇ ಬದಿಗೆ ಇರುವುದು ಇನ್ನೊಂದು. ಪೊರೆ ದೂರ ಸರಿದಾಗ ಹಿಡಿತ ಸಡಿಲ, ಹತ್ತಿರ ಬಂದಾಗ ಬಿಗಿ. ಆದ್ದರಿಂದ ಧ್ವನಿ ಏರಿಸಿದಾಗ ನಾಗಸ್ವರಕ್ಕೆ, ತಾರಸ್ಥಾಯಿಯ ಗಂಟಲಿಗೆ ತುಸು ಹೆಚ್ಚಿನ ಬಿಸಿ ಸೇರುತ್ತದೆ. ಎರಡೂ ಬದಿಗೆ ಆಯಸ್ಕಾಂತ ಕೊಟ್ಟರೆ ಇದು ಹೋಗುತ್ತದೆ, ಖರ್ಚು ಎರಡರಷ್ಟಾಗುತ್ತದೆ, ಎದುರುಬದುರಾಗಿ ಒಂದನ್ನೊಂದು ದೂಡುವ ಎರಡು ತಗಡುಗಳನ್ನು ಹಿಡಿದಿಡಲು ಚೌಕಟ್ಟು ಇನ್ನೂ ಗಟ್ಟಿಯಾಗಿರಬೇಕಾಗುತ್ತದೆ. ಮೃದಂಗದ ಬಲಂತಲೆಯ ಚಾಪು ಪ್ಯಾನೆಲ್‌ನಿಂದ ಗರಿಗರಿಯಾಗಿ ಬರುತ್ತದೆ, ಎಡಂತಲೆಯ ಗುಮ್ಮು ವೂಫರಿನಿಂದ ಬರುತ್ತದೆ, ಇವೆರಡೂ ಒಂದೇ ವಾದ್ಯದವು ಎಂದು ಕಿವಿಯನ್ನು ಒಪ್ಪಿಸಲು ಕ್ರಾಸ್‌ಓವರಿನ ಜೊತೆ ಮೂರು ತಿಂಗಳು ಗುದ್ದಾಡಿದೆ. ಈಗಲೂ ಪೂರ್ತಿ ಒಪ್ಪಿದೆ ಎನ್ನಲಾರೆ.

ಅಳತೆಯ ಮೈಕ್ರೊಫೋನ್ ಮತ್ತು ರೂಮ್ ಇಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶದಿಂದ ನೋಡಿದಾಗ 300 ಹರ್ಟ್ಜ್‌ನಿಂದ 9 ಕಿಲೋಹರ್ಟ್ಜ್‌ವರೆಗೆ ಏರಿಳಿತ ಮೂರೂವರೆ ಡೆಸಿಬೆಲ್ ಒಳಗಿದೆ, ಅಲ್ಲಿಂದ ಮೇಲೆ ಇಳಿಜಾರು. ಎಷ್ಟು ಜೋರಾಗಿ ನುಡಿಯುತ್ತದೆ ಎಂದರೆ, 2.83 ವೋಲ್ಟಿಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಆಸುಪಾಸು. ಗೋಡೆಯಿಂದ ಒಂದು ಮೀಟರಾದರೂ ಮುಂದಕ್ಕೆ ಇಡಬೇಕು. ಹಿಂದಕ್ಕೆ ನುಡಿದದ್ದು ಗೋಡೆಗೆ ಬಡಿದು ತಕ್ಷಣ ಮರಳಿದರೆ ವೀಣೆಯ ಎಳೆಗಳೆಲ್ಲ ಗಂಟಾಗುತ್ತವೆ. ಪುಸ್ತಕ ತುಂಬಿದ ಕಪಾಟು ಹಿಂದಿದ್ದರೆ ಬಹಳ ಒಳ್ಳೆಯದು.

ಖರ್ಚಿನ ಬಾಬ್ತು. ಆಯಸ್ಕಾಂತ ಹದಿನೇಳು ಸಾವಿರ, ತಗಡು ಮತ್ತು ಕೊಯ್ಯಿಸಿದ ಕೂಲಿ ಮೂರು ಸಾವಿರದ ಇನ್ನೂರು, ಎರಡು ಸಲದ ಚೌಕಟ್ಟು ಸೇರಿ ಏಳೂವರೆ ಸಾವಿರ, ಅಂಟು ಹಾಳೆ ಪೊರೆ ಬೋಲ್ಟು ಎಲ್ಲ ಸೇರಿ ಮೂರು ಸಾವಿರ, ವೂಫರ್‌ಗಳಿಗೂ ಅವುಗಳ ಪೆಟ್ಟಿಗೆಗೂ ಹನ್ನೊಂದು ಸಾವಿರ. ಒಟ್ಟು ಹತ್ತಿರ ಹತ್ತಿರ ನಲವತ್ತೆರಡು ಸಾವಿರ ರೂಪಾಯಿ, ನನ್ನ ಐದು ತಿಂಗಳ ಭಾನುವಾರಗಳನ್ನು ಬಿಟ್ಟು. ಮ್ಯಾಗ್ನೆಪ್ಯಾನ್ 2019ರಲ್ಲಿ ಎಲ್‌ಆರ್‌ಎಸ್ ಎಂಬ ತನ್ನ ಚಿಕ್ಕ ಸ್ಪೀಕರ್ ಜೋಡಿಯನ್ನು 650 ಡಾಲರಿಗೆ, 2022ರಲ್ಲಿ ಅದರ ಸುಧಾರಿತ ರೂಪವನ್ನು 995 ಡಾಲರಿಗೆ ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. ಹಡಗು, ಸುಂಕ ಎಲ್ಲ ಸೇರಿದರೆ ಇಲ್ಲಿಗೆ ಬರುವಷ್ಟರಲ್ಲಿ ಅದು ನನ್ನ ಜೋಡಿಯ ಎರಡು ಪಟ್ಟಿಗೂ ಮೀರುತ್ತದೆ, ನಿಜ. ಆದರೆ ಅದನ್ನು ಪೆಟ್ಟಿಗೆಯಿಂದ ತೆಗೆದ ದಿನವೇ ಕೇಳಬಹುದು. ಹಣ ಉಳಿಸುವುದೊಂದೇ ಉದ್ದೇಶವಾಗಿರುವವರು ಈ ದಾರಿಗೆ ಬರುವುದು ಬೇಡ, ನಲವತ್ತೆರಡು ಸಾವಿರಕ್ಕೆ ಒಳ್ಳೆಯ ಪೆಟ್ಟಿಗೆ ಸ್ಪೀಕರುಗಳು ಬೇಕಾದಷ್ಟಿವೆ. ಕಛೇರಿಯ ಸಂಗೀತವನ್ನೇ ಹೆಚ್ಚು ಕೇಳುವವರು, ಒಂಟಿಯಾಗಿ ಕೂತು ಕೇಳುವವರು, ಕೈಯಲ್ಲಿ ಬ್ಲೇಡು ಹಿಡಿದು ಆರು ಪೊರೆ ಹಾಳುಮಾಡಿದರೂ ಬೇಸರವಾಗದವರು ಧಾರಾಳವಾಗಿ ಕಟ್ಟಬಹುದು. ಸಿನಿಮಾ ನೋಡಲು ಬೇಕೆನ್ನುವವರಿಗೆ ಇದನ್ನು ಹೇಳಲಾರೆ.

ನಿರ್ವಹಣೆ ಎಂದರೆ ಬಿಸಿಲು ಮತ್ತು ಧೂಳು ಎರಡೇ. ಪೂರ್ವದ ಕಿಟಕಿಯ ಎಳೆಬಿಸಿಲು ಬಲಗಡೆಯ ಪ್ಯಾನೆಲ್ ಮೇಲೆ ಬೀಳುತ್ತಿದ್ದುದನ್ನು ನಾನು ಬೇಸಿಗೆಯವರೆಗೂ ಗಮನಿಸಲಿಲ್ಲ. ಏಪ್ರಿಲ್‌ನಲ್ಲಿ ಎರಡು ಪಟ್ಟಿಗಳ ಅಂಚು ಪೊರೆಯಿಂದ ಅಕ್ಕಿಕಾಳಿನಷ್ಟು ಎದ್ದಿತ್ತು, ಅಂಟು ಬಿಸಿಲಿಗೆ ಮೆತ್ತಗಾಗಿತ್ತು. ಸೂಜಿಯ ಮೊನೆಯಿಂದ ಹೊಸ ಅಂಟು ತಾಗಿಸಿ ಒತ್ತಿದ್ದೇನೆ, ಸದ್ಯಕ್ಕೆ ಹಿಡಿದಿದೆ. ಕಿಟಕಿಗೆ ದಪ್ಪ ಪರದೆ ಬಂದಿದೆ, ಪ್ಯಾನೆಲ್‌ಗಳಿಗೆ ತೆಳುವಾದ ಕಪ್ಪು ವಾಯಿಲ್ ಬಟ್ಟೆಯ ಮುಸುಕು ಹೊಲಿಸಿದ್ದಾಗಿದೆ. ಡಿಸೆಂಬರಿನ ಒಣಹವೆಯಲ್ಲಿ ಆ ಬಲಗಡೆಯ ಪೊರೆಯನ್ನು ಬದಲಿಸಬೇಕು. ಸುರುಳಿಯಲ್ಲಿ ಇನ್ನೂ ಇಪ್ಪತ್ತು ಮೀಟರ್ ಉಳಿದಿದೆ.